ನಾಲ್ಕು ಹಲ್ಲಿನ ವ್ಯವಹಾರ

ಗಾಡಿಯ ಮುಂಭಾಗಕ್ಕೆ ಸಿಗುವ ಮರ್ಯಾದೆಯ ಕಾಲುಪಾಲೂ ಹಿಂಭಾಗಕ್ಕೆ ಸಿಗುವುದಿಲ್ಲ. ಬಸ್ರೂರು ಪೇಟೆಯಲ್ಲಿ ಜೀಪಿನ ಬಾನೆಟ್ಟು ಎತ್ತಿ ಸುಮ್ಮನೆ ನಿಂತು ನೋಡಿ. ಬಸ್ಸಿಗೆ ಕಾಯುವವರು, ಮೀನು ಹಿಡಿದುಕೊಂಡು ಮನೆಗೆ ಹೊರಟವರು, ಮಹಾಲಿಂಗೇಶ್ವರನಿಗೆ ಕೈಮುಗಿದು ಬಂದವರು, ಎಲ್ಲ ಬಂದು ಇಣುಕುತ್ತಾರೆ. ಒಬ್ಬೊಬ್ಬರಿಗೂ ಎಂಜಿನ್ನಿನ ಬಗ್ಗೆ ಒಂದೊಂದು ಅಭಿಪ್ರಾಯ ಇದ್ದೇ ಇರುತ್ತದೆ, ಸೈಕಲ್ ಕೂಡ ಇಲ್ಲದವರಿಗೆ ಎರಡು ಇರುತ್ತದೆ. ಅದೇ ಜೀಪಿನ ಹಿಂದಿನ ಚಕ್ರಗಳ ನಡುವೆ ಉಬ್ಬಿಕೊಂಡ ಕಬ್ಬಿಣದ ಗುಂಡೊಂದು ಇದೆಯಲ್ಲ, ಅದನ್ನು ವಿಚಾರಿಸುವವರು ಯಾರೂ ಇಲ್ಲ. ಎಂಜಿನ್ ಎಷ್ಟೇ ಗದ್ದಲ ಮಾಡಲಿ, ಕೊನೆಗೆ ಚಕ್ರ ಎಷ್ಟು ಸುತ್ತಬೇಕು ಎಂದು ಫೈಸಲು ಮಾಡುವುದು ಆ ಗುಂಡಿನೊಳಗೆ ಎಣ್ಣೆಯಲ್ಲಿ ಮುಳುಗಿ ಕೂತ ಎರಡು ಹಲ್ಲುಚಕ್ರಗಳು. ಸಣ್ಣದು ಪಿನಿಯನ್, ದೊಡ್ಡದು ಕ್ರೌನ್. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಎರಡನ್ನೂ ಒಂದೇ ಉಸಿರಿನಲ್ಲಿ ‘ಕ್ರೌನ್‌ಪಿನಿಯನ್’ ಎನ್ನುತ್ತಾರೆ. ಅವು ವಾಸವಿರುವ ಗುಂಡಿಗೆ ‘ಹೌಸಿಂಗ್’.

ನಮ್ಮ ಜೀಪು ಮಾವನವರ ಕಡೆಯಿಂದ ಬಂದದ್ದು. ವರದಕ್ಷಿಣೆಯಾಗಿ ಅಲ್ಲ, ಅವರು ತೀರಿಕೊಂಡ ಮೇಲೆ ಮಾರುವುದಕ್ಕೆ ನನ್ನ ಹೆಂಡತಿಗೆ ಮನಸ್ಸು ಬಾರದೆ ನಮ್ಮ ಅಂಗಳಕ್ಕೆ ಬಂದು ನಿಂತದ್ದು. ಮಹೀಂದ್ರ ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ಸುರುಮಾಡಿದರು. ಆಮೇಲೆ ಬಂದ ಈ ಮಾದರಿಯ ಮೂತಿ ಹಿಂದಿನವುಗಳಿಗಿಂತ ಎತ್ತರ. ಚಂದಕ್ಕೆ ಮಾಡಿದ್ದಲ್ಲ. ಅದರ 2,199 ಸಿಸಿಯ ‘ಹರಿಕೇನ್’ ಪೆಟ್ರೋಲ್ ಎಂಜಿನ್ನಿನಲ್ಲಿ ಒಳದಾರಿಯ ವಾಲ್ವುಗಳನ್ನು ತಲೆಯ ಮೇಲೆ ಕೂರಿಸಿದ್ದರು. ಹಳೆ ಬಾನೆಟ್ಟಿನಡಿ ಅದು ಹಿಡಿಸಲಿಲ್ಲ, ಬಾನೆಟ್ಟನ್ನೇ ಏರಿಸಿದರು. ನಮ್ಮ ಜೀಪಿನಲ್ಲಿ ಈಗ ಎತ್ತರದ ಬಾನೆಟ್ಟು ಉಂಟು, ಹರಿಕೇನ್ ಇಲ್ಲ. ಪೆಟ್ರೋಲಿನ ಕ್ರಯ ಕಂಡು ಕಂಗಾಲಾದ ಮಾವ ಅದನ್ನು ಇಳಿಸಿ ಡೀಸೆಲ್ ಎಂಜಿನ್ ಹಾಕಿಸಿದ್ದರು. ಆ ಕಾಲದಲ್ಲಿ ಜೀಪು ಇಟ್ಟುಕೊಂಡವರು ಬಹಳ ಮಂದಿ ಮಾಡಿಸಿದ ಕೆಲಸ ಅದು.

ಹರಿಕೇನ್ ನಿಮಿಷಕ್ಕೆ 4,000 ಸುತ್ತಿನವರೆಗೆ ಹೋಗಿ 75 ಅಶ್ವಶಕ್ತಿ ಕೊಡುತ್ತಿದ್ದ ಹುಡುಗು ಎಂಜಿನ್. ಅದರ ಜಾಗಕ್ಕೆ ಬಂದದ್ದು ಟ್ರ್ಯಾಕ್ಟರಿನ ಬಳಗದ್ದು. ಎಳೆ ಎಂದರೆ ಎಳೆಯುತ್ತದೆ, ಓಡು ಎಂದರೆ ಮುಖ ಸಿಂಡರಿಸುತ್ತದೆ. ಮಾವನವರಿಗೆ ಅದರಿಂದ ತೊಂದರೆ ಆಗಲಿಲ್ಲ. ಅವರು ಹೋಗುತ್ತಿದ್ದದ್ದು ಕಂಡ್ಲೂರು, ಅಂಪಾರು, ಶಂಕರನಾರಾಯಣ, ಸಿದ್ದಾಪುರ. ತೋಟ, ಅಕ್ಕಿಗಿರಣಿ, ನೆಂಟರ ಮನೆ. ತೊಂದರೆ ಆದದ್ದು ನನಗೆ. ಬಸ್ರೂರು ಮೂರುಕೈಯಲ್ಲಿ ಹೆದ್ದಾರಿ 66ಕ್ಕೆ ಹತ್ತಿ ಬ್ರಹ್ಮಾವರದ ಕಡೆ ತಿರುಗಿದರೆ ಚತುಷ್ಪಥ ರಸ್ತೆ. ಎಲ್ಲರೂ 80ರಲ್ಲಿ, 90ರಲ್ಲಿ ಹೋಗುವವರು. ನನ್ನ ಜೀಪು 50 ಮುಟ್ಟುವಾಗಲೇ ಅರಚಲು ಸುರು. 60 ಎಂದರೆ ಪಕ್ಕದಲ್ಲಿ ಕೂತವರ ಜತೆ ಮಾತೇ ಇಲ್ಲ. ನನ್ನವಳು ಇದನ್ನು ಒಂದು ಅನುಕೂಲವೆಂದೇ ಎಣಿಸಿದ್ದಳು.

ಕೇಳಿದವರೆಲ್ಲ ಎಂಜಿನ್ನಿನ ಮೇಲೆ ತಪ್ಪು ಹೊರಿಸಿದರು. ಪಂಪ್ ಸರಿ ಮಾಡಿಸಿ, ನಾಜಲ್ ಬದಲಿಸಿ, ಎಂಜಿನ್ನೇ ಬಿಸಾಡಿ ಎಂದವರೂ ಇದ್ದರು. ನಾನು ಹೋಗುವ ಗ್ಯಾರೇಜಿನ ಮೇಸ್ತ್ರಿಯೊಬ್ಬರೇ ಒಪ್ಪಲಿಲ್ಲ. ಅವರದು ಹಳೆ ಕಾಲದ ಕೈ. ಸ್ಪ್ಯಾನರ್ ಹಿಡಿಯುವ ಮೊದಲು ಜೀಪಿನಲ್ಲಿ ಕೂತು ಒಂದು ಸುತ್ತು ಹೋಗಿ ಬರುವ ಕ್ರಮ. ಬಂದು ಇಳಿದವರು ಹೇಳಿದರು: “ಹ್ವಾಯ್ ಮಾಷ್ಟ್ರೆ, ಎಂಜಿನ್ ನಿಮ್ಗೆ ಎಂತ ಅನ್ಯಾಯ ಮಾಡಿತ್ತ್? ಅದ್ ಪಾಪ, ಓಡ್ತಾ ಇತ್ತ್. ಹಿಂದ್ ಕಾಣಿ, ಹಿಂದ್.”

ಲೆಕ್ಕ ಸುಲಭ. ಸಿಜೆ-3ಬಿಯ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಭಾಗಿಸಿದರೆ 5.375. ಪುಸ್ತಕಗಳಲ್ಲಿ ಅದನ್ನು 5.38 ಎಂದು ಬರೆಯುತ್ತಾರೆ. ಟಾಪ್ ಗೇರಿನಲ್ಲಿ ಪ್ರೊಪೆಲ್ಲರ್ ಶಾಫ್ಟು ಅಷ್ಟು ಸುತ್ತು ಬಂದರೆ ಚಕ್ರ ಒಂದು ಸುತ್ತು. ನಮ್ಮ ಟಯರಿನ ಅಳತೆಗೆ 60ರ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 440 ಸಲ ಸುತ್ತಬೇಕು, ಅಂದರೆ ಎಂಜಿನ್ 2,360ರ ಆಸುಪಾಸು. ಟ್ರ್ಯಾಕ್ಟರಿನ ಬಳಗದ ಎಂಜಿನ್ ಅರಚದೆ ಮತ್ತೇನು ಮಾಡಬೇಕು? ಇದೇ ಜೀಪಿನ ಅಣ್ಣ, ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ, ಅದರಲ್ಲಿ ಪಿನಿಯನ್ 8, ಕ್ರೌನ್ 39. ಅನುಪಾತ 4.88. ಸೈನ್ಯದ ಜೀಪು ಓಡಬೇಕಿತ್ತು. ಯುದ್ಧ ಮುಗಿದ ಮೇಲೆ ರೈತನಿಗೆಂದು ಮಾಡಿದ ಜೀಪು ಎಳೆಯಬೇಕಿತ್ತು. ಅದಕ್ಕೆ ನಾಲ್ಕು ಹಲ್ಲು ಹೆಚ್ಚು ಕೊಟ್ಟರು. ಆ ನಾಲ್ಕು ಹಲ್ಲು ಕಳೆದರೆ ಅದೇ 60ಕ್ಕೆ ಎಂಜಿನ್ 2,140ರಲ್ಲಿ ಸುತ್ತುತ್ತದೆ. ಇನ್ನೂರ ಇಪ್ಪತ್ತು ಸುತ್ತಿನ ನೆಮ್ಮದಿ. ಕೇಳಲಿಕ್ಕೆ ಸಣ್ಣದು. ಆದರೆ ಅರಚುವವರ ಪಕ್ಕ ಕೂತವರಿಗೆ ಸ್ವಲ್ಪ ತಗ್ಗಿದ ದನಿಯ ಬೆಲೆ ಗೊತ್ತು.

ಹಲ್ಲು ಬದಲಿಸುವ ಈ ಚಾಳಿ ನನಗೊಬ್ಬನಿಗೇ ಹತ್ತಿದ್ದೆಂದು ನಾನು ತಿಳಿದಿದ್ದೆ. ತಂಗಿಯ ಮಗ ಮಿಶಿಗನ್‌ನಲ್ಲಿದ್ದಾನೆ. ಆ ರಾಜ್ಯದಲ್ಲಿ ಕಾರು ಬಿಟ್ಟು ಬೇರೆ ಮಾತು ಕಡಿಮೆ. ಅವನ ಹತ್ತಿರ 1969ರ ಡಾಜ್ ಡಾರ್ಟ್ ಇದೆ. ಅಲ್ಲಿಯವರು ಮಸಲ್ ಕಾರ್ ಎಂದು ಆರಾಧಿಸುವ ಜಾತಿ. 1964ರಲ್ಲಿ ಪಾಂಟಿಯಾಕ್ ಕಂಪನಿ ಜಿಟಿಓ ಎಂಬ ಹೆಸರಿನಲ್ಲಿ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ತುರುಕಿ ಮಾರಿದ್ದೇ, ಉಳಿದವರೂ ಬೆನ್ನಿಗೆ ಬಿದ್ದರು. ಕಾಲು ಮೈಲು, ಅಂದರೆ 402 ಮೀಟರು, ನೇರ ರಸ್ತೆಯಲ್ಲಿ ಯಾರು ಮೊದಲು ಮುಟ್ಟುತ್ತಾರೆ ಎಂಬುದೇ ಆ ತಲೆಮಾರಿನ ಪುರುಷಾರ್ಥ. ತೈಲದ ಬಿಕ್ಕಟ್ಟು 1973ರಲ್ಲಿ ಬರುವಷ್ಟರಲ್ಲಿ ಆ ಭೂತ ಇಳಿಯತೊಡಗಿತ್ತು. ನನ್ನ ಅಳಿಯನ ಮೈಮೇಲೆ ಮಾತ್ರ ಇನ್ನೂ ಇದೆ.

“ಮಾವ, ನಾನೂ ಅದನ್ನೇ ಮಾಡ್ತಾ ಇದ್ದೆ!” ಎಂದ ಫೋನಿನಲ್ಲಿ. ಅವನು ಮಾಡುತ್ತಿದ್ದದ್ದು ಅದನ್ನೇ, ಆದರೆ ತಿರುಗಾಮುರುಗಾ. ಅವನ ಡಾರ್ಟಿಗೆ ಕಾರ್ಖಾನೆ ಕೊಟ್ಟದ್ದು 3.23. ಅದು ಹೆದ್ದಾರಿಯಲ್ಲಿ ನೆಮ್ಮದಿಯಾಗಿ ಹೋಗುವ ಅನುಪಾತ. ಅವನಿಗೆ ಬೇಕಾದದ್ದು 3.91, ಸಿಗ್ನಲ್ಲಿನಲ್ಲಿ ಹಸಿರು ಬಿದ್ದೊಡನೆ ನೆಗೆಯುವುದಕ್ಕೆ. ಅವನಿಗೆ ಓಟ ಸಾಕಾಗಿ ಎಳೆತ ಬೇಕಾಗಿದೆ, ನನಗೆ ಎಳೆತ ಸಾಕಾಗಿ ಓಟ ಬೇಕಾಗಿದೆ. ಎಷ್ಟಾದರೂ ಇಬ್ಬರದೂ ಒಂದೇ ಮನೆತನದ ರೋಗ. ಗಾಡಿಗಳೂ ದೂರದ ನೆಂಟರೇ. ಡಾಜ್ ಕುಟುಂಬದಲ್ಲಿ 426 ಹೆಮಿ ಎಂಬ ರಾಕ್ಷಸ ಎಂಜಿನ್ನಿಗೆ ನಾಲ್ಕು ಗೇರು ಜೋಡಿಸಿದಾಗ ಹಿಂದೆ ಹಾಕುತ್ತಿದ್ದದ್ದು ಡಾನಾ 60 ಹೌಸಿಂಗ್. ನನ್ನ ಜೀಪಿನ ಹಿಂದೆ ಇರುವುದು ಅದರ ತಮ್ಮ ಡಾನಾ 44. ನನ್ನ ಜೀಪಿಗೆ ಹೆಮ್ಮೆಪಡಲು ಇರುವ ಏಕಮಾತ್ರ ಸಂಬಂಧ ಇದು. ಹೇಳದೆ ಬಿಡಲಾರೆ.

ನಾನು ಚರಿತ್ರೆ ಕಲಿಸಿ ನಿವೃತ್ತನಾದವನು. ಹಾಗಾಗಿ ಯಾವುದೇ ಕೊಡುಕೊಳ್ಳುವಿಕೆ ಕಂಡರೂ ನಮ್ಮೂರು ನೆನಪಾಗುತ್ತದೆ. ವಾರಾಹಿಯ ದಡದ ಈ ಬಸ್ರೂರು ಒಂದು ಕಾಲದಲ್ಲಿ ಬಂದರು. ಅಕ್ಕಿ ಇಲ್ಲಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಬಾಯಿ ತಿರುಗದೆ ಬರ್ಸೆಲೋರ್ ಎಂದರು, ಬಂದು ಕೋಟೆಯನ್ನೂ ಕಟ್ಟಿದರು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳ ಸಾಲು ಕಟ್ಟಿಕೊಂಡು ಬಂದು ಪೇಟೆ ದೋಚಿ, ಗೋಕರ್ಣಕ್ಕೆ ಹೋದ. ದೋಚಲು ಇಷ್ಟು ದೂರ ಬಂದನೆಂದರೆ ಪೇಟೆಯಲ್ಲಿ ಏನೋ ಇತ್ತು ಎಂದಾಯಿತಲ್ಲ. ಇಂಥ ಊರಿನವನಿಗೆ ಗೇರಿನ ಅನುಪಾತ ಬೇಗ ಅರ್ಥವಾಗಬೇಕು. ಅಲ್ಲಿ ಲಾಭವೆಂಬುದೇ ಇಲ್ಲ, ವಿನಿಮಯ ಮಾತ್ರ. ಇಂಧನದಿಂದ ಹುಟ್ಟುವ ಶಕ್ತಿ ಅಷ್ಟೇ. ಅದನ್ನು ಎಳೆತವಾಗಿ ತೆಗೆದುಕೊಳ್ಳುತ್ತೀರೋ, ಓಟವಾಗಿ ತೆಗೆದುಕೊಳ್ಳುತ್ತೀರೋ? ಎರಡೂ ಬೇಕೆನ್ನುವವರಿಗೆ ಕಂಪನಿಗಳು ಜಾಹೀರಾತು ಮಾಡುತ್ತವೆ, ಕ್ರೌನ್‌ಪಿನಿಯನ್ ಮಾಡುವುದಿಲ್ಲ.

ಮೇಸ್ತ್ರಿಗೆ ಈ ವಿನಿಮಯದ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ರೋಗ ಕಂಡುಹಿಡಿದವರು ಅವರೇ, ಮದ್ದಿಗೆ ಮಾತ್ರ ಒಪ್ಪಿಗೆ ಇಲ್ಲ. “ಬಾಳೆಬರೆ ಘಾಟಿ ಹತ್ತುಕೆ ಹೊರ್‍ಟ್ರೆ ಆಗ ನನ್ನ ನೆನಸ್ಕಂತ್ರಿ” ಎಂದರು. ಹೊಸಂಗಡಿ ದಾಟಿ ಹುಲಿಕಲ್ ಕಡೆಗೆ ಏರುವ ಆ ಘಾಟಿಯಲ್ಲಿ ಮಾವ ಜನ ತುಂಬಿಸಿಕೊಂಡು, ಮೇಲೆ ಮೂಟೆ ಹೇರಿ, ಎರಡನೇ ಗೇರಿನಲ್ಲೇ ಹತ್ತಿಸುತ್ತಿದ್ದದ್ದು ಅವರ ಕಣ್ಣೆದುರಿನ ವಿಷಯ. ಎಳೆತ ಸುಮಾರು ಒಂಬತ್ತು ಪಾಲು ಕಡಿಮೆಯಾಗುತ್ತದೆ ಎಂದು ನಾನು ಶೇಕಡಾ ಲೆಕ್ಕ ಹೇಳಿದೆ. ಶೇಕಡಾ ಲೆಕ್ಕ ಬ್ಯಾಂಕಿನವರಿಗೆ ಹೇಳಿ ಎಂದರು. ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ರೇಂಜ್ ಇದೆಯಲ್ಲ ಎಂದೆ. ಅದಕ್ಕೆ ಸ್ವಲ್ಪ ಮೆತ್ತಗಾದರು. ಇನ್ನೊಂದು ತಕರಾರು ಬಾಕಿ ಇತ್ತು: ಹಿಂದೆ 39 ಹಾಕಿ ಮುಂದೆ 43 ಬಿಟ್ಟರೆ, ಫೋರ್‌ವೀಲ್ ಹಾಕಿದೊಡನೆ ಮುಂದಿನದು ಒಂದು ಲೆಕ್ಕ, ಹಿಂದಿನದು ಒಂದು ಲೆಕ್ಕ. ಗಟ್ಟಿ ರಸ್ತೆಯಲ್ಲಿ ಹಾಗೆ ಓಡಿಸಿದರೆ ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ. ಆದರೆ ನಮ್ಮ ಜೀಪಿನ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಮಾವ ಎಂದೋ ಬಿಚ್ಚಿಸಿ ಅಟ್ಟದ ಮೇಲೆ ಹಾಕಿಸಿದ್ದರು. ಅದು ಫೋರ್‌ವೀಲ್ ಲಿವರ್ ಇರುವ ಟೂವೀಲ್ ಜೀಪು. ಮೇಸ್ತ್ರಿಗೆ ಬೇರೆ ನೆವ ಉಳಿಯಲಿಲ್ಲ.

ಸಾಮಾನು ಹುಡುಕುವುದು ಕೆಲಸದ ಅರ್ಧ ಪಾಲು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಿದೆ, ಚೆನ್ನೈಯ ಪುದುಪೇಟೆಯಲ್ಲಿ ಪರಿಚಯದವರಿಂದ ಕೇಳಿಸಿದೆ. ಹೊಸತೆಂದು ತೋರಿಸಿದವುಗಳ ಮೇಲೆ ಹೆಸರಿಲ್ಲ, ಹೆಸರಿದ್ದವು ಹೊಸತಲ್ಲ. ಒಂದು ಅಂಗಡಿಯವನು ಪಿನಿಯನ್ ಒಂದು ಕಡೆಯದು, ಕ್ರೌನ್ ಇನ್ನೊಂದು ಕಡೆಯದು ಕಟ್ಟಿ ಕೊಡಲು ಬಂದ. ಇವೆರಡನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತಾರೆ. ನಂಬರು ಬೇರೆಯಾದರೆ ಬಾಳುವೆ ಇಲ್ಲ, ದಾರಿಯುದ್ದ ಊಳಿಡುವುದು ಖಂಡಿತ. ಕೊನೆಗೆ ನಂಬರು ಕೂಡಿದ ಜೋಡಿಯೊಂದು ಗ್ರೀಸ್ ಮೆತ್ತಿದ ಮೇಣದ ಕಾಗದದಲ್ಲಿ ಸುತ್ತಿ ಬಂತು. ಮೇಸ್ತ್ರಿ ಕಾಗದ ಬಿಚ್ಚಿ, ಕ್ರೌನಿನ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ, ಬೆರಳಿಟ್ಟು ಎಣಿಸಿದರು. ಮೂವತ್ತೊಂಬತ್ತು. ಇನ್ನೊಮ್ಮೆ ಎಣಿಸಿದರು. ನಂಬಿಕೆ ಬೇರೆ, ಎಣಿಕೆ ಬೇರೆ ಎಂಬುದು ಅವರ ಪದ್ಧತಿ.

ಬಿಚ್ಚುವ ದಿನ ಮೊದಲು ಬಂದದ್ದು ವಾಸನೆ. ಹಿಂದಿನ ಕವರಿನ ಹತ್ತು ಬೋಲ್ಟು ಸಡಿಲಿಸಿ, ಕೆಳಗಿನಿಂದ ಸ್ಕ್ರೂಡ್ರೈವರ್ ಮೀಟಿದಾಗ ‘ತೊಂಬತ್ತರ ಆಯಿಲ್’ ಕಪ್ಪಗೆ ಬಳಬಳನೆ ಇಳಿಯಿತು. ಈ ಎಣ್ಣೆಯಲ್ಲಿ ಗಂಧಕದ ಅಂಶ ಇರುತ್ತದೆ. ಈ ಬಗೆಯ ಕ್ರೌನ್‌ಪಿನಿಯನ್‌ಗಳಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂತಿರುವುದರಿಂದ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡದಲ್ಲಿ ಸಾದಾ ಎಣ್ಣೆ ನಿಲ್ಲುವುದಿಲ್ಲ. ಶರ್ಟಿಗೆ ಹತ್ತಿದ ಅದರ ವಾಸನೆಯ ಎದುರು ಯಾವ ಸೋಪೂ ನಿಲ್ಲುವುದಿಲ್ಲ. ನನ್ನವಳು ಅಂಗಳದಲ್ಲೇ ಬಟ್ಟೆ ಬದಲಿಸುವ ಏರ್ಪಾಡು ಮಾಡಿದಳು.

ಅಳಿಯನ ಡಾರ್ಟಿನಲ್ಲಾದರೆ ಇಡೀ ಗುಂಡು ಮುಂದಿನಿಂದ ಕಳಚಿ ಬರುತ್ತದೆ, ಮೇಜಿನ ಮೇಲಿಟ್ಟು ಫ್ಯಾನ್ ಹಾಕಿಕೊಂಡು ಕೆಲಸ ಮಾಡಬಹುದು. ಅಂಬಾಸಿಡರಿನದೂ ಅದೇ ಜಾತಿ. ಜೀಪಿನದು ಹಾಗಲ್ಲ. ಎಲ್ಲವೂ ಒಳಗೇ, ಮಲಗಿಕೊಂಡೇ. ಮೊದಲು ಹಿಂದಿನ ಹಬ್ಬುಗಳು ಕಳಚಬೇಕು. ಮೊನಚಾದ ಎಕ್ಸೆಲ್ಲಿನ ತುದಿಯಲ್ಲಿ ಕೀಲಿ ಹಾಕಿ ಕೂರಿಸಿದ ಹಬ್ಬು ವರ್ಷಗಟ್ಟಲೆ ಕೂತು ಒಂದೇ ಕಬ್ಬಿಣವಾಗಿರುತ್ತದೆ. ಪುಲ್ಲರ್ ಹಾಕಿ ಬಿಗಿದು, ಬಿಗಿದು, ಮೇಸ್ತ್ರಿ ಚಹಾ ಕುಡಿಯಲು ಹೋದರು. ಚಹಾ ಅರ್ಧ ಆಗಿರಬಹುದು, ‘ಢಂ’ ಎಂದು ಗರ್ನಾಲು ಸಿಡಿದ ಸದ್ದಾಗಿ ಹಬ್ಬು ತಾನೇ ಬಿಟ್ಟುಕೊಂಡಿತು. ಎದುರಿನ ಕಟ್ಟೆಯಲ್ಲಿ ಕೂತವರು ಎದ್ದು ನಿಂತರು. ಮೇಸ್ತ್ರಿ ಮಾತ್ರ ಲೋಟ ಕೆಳಗಿಡಲಿಲ್ಲ.

ಎರಡು ಹಾರೆ ಕೊಟ್ಟು ಮೀಟಿ, ಹಳೆ ಕ್ರೌನನ್ನು ಅದರ ಬುಟ್ಟಿಯ ಸಮೇತ ಹೊರಗೆ ತಂದಾಗ ನಡುವೆ ಕೂತ ನಾಲ್ಕು ಪುಟ್ಟ ಗೇರುಗಳು ಕಂಡವು. ಅವುಗಳ ಕೆಲಸವೇ ಬೇರೆ. ಕೋಟೇಶ್ವರದ ಕೊಡಿಹಬ್ಬದಲ್ಲಿ ರಥ ಎಳೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ರಥ ಮೂಲೆಯಲ್ಲಿ ತಿರುಗಬೇಕಾದರೆ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ತಡೆಯಬೇಕು. ಅದಕ್ಕೇ ಗಾಲಿಯಡಿ ಮರದ ಕಟ್ಟಿಗೆ ಕೊಡುವವರು ಬೊಬ್ಬೆ ಹೊಡೆಯುತ್ತ ಪ್ರಾಣ ಕೈಯಲ್ಲಿ ಹಿಡಿದು ಓಡಾಡುತ್ತಾರೆ. ಆ ಜನರ ಇಡೀ ಕೆಲಸವನ್ನು ಜೀಪಿನಲ್ಲಿ ಈ ನಾಲ್ಕು ಗೇರುಗಳು ಸದ್ದಿಲ್ಲದೆ ಮಾಡುತ್ತವೆ. ಪೆಕರ್ ಎಂಬ ಫ್ರೆಂಚ್ ಗಡಿಯಾರದವನು 1827ರ ಸುಮಾರಿಗೆ ಉಗಿಗಾಡಿಗೆಂದು ಇದನ್ನು ಹೂಡಿದ. ಮುಂದೆ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಇದು ಜನರನ್ನು ಕಾಪಾಡುತ್ತದೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ.

ಅನುಪಾತ ಬದಲಾದರೂ ನಮ್ಮ ಬುಟ್ಟಿ ಬದಲಾಗಬೇಕಿರಲಿಲ್ಲ. 43 ಇದ್ದಲ್ಲೇ 39 ಕೂರುತ್ತದೆ. ಕೂರುವುದೇನೋ ಕೂರುತ್ತದೆ, ಸರಿಯಾಗಿ ಕೂರಬೇಕು. ಇಲ್ಲಿಂದ ಲೆಕ್ಕ ಇಂಚಿನ ಸಾವಿರದ ಒಂದು ಪಾಲಿನಲ್ಲಿ, ಗ್ಯಾರೇಜಿನ ಮಾತಿನಲ್ಲಿ ‘ಥೌ’. ಪಿನಿಯನ್ ಎಷ್ಟು ಒಳಗೆ ಹೋಗಬೇಕು ಎಂಬುದನ್ನು ಬೇರಿಂಗಿನ ಹಿಂದೆ ಹಾಕುವ ಶಿಮ್ಮುಗಳು ನಿಶ್ಚಯಿಸುತ್ತವೆ. ಮೂರು ಥೌ, ಐದು ಥೌ, ಹತ್ತು ಥೌ, ಉಂಗುರದಂಥ ತಗಡುಗಳು. ಕ್ರೌನ್ ಎಡಕ್ಕೆಷ್ಟು ಬಲಕ್ಕೆಷ್ಟು ಎಂಬುದಕ್ಕೆ ಬೇರೆ ಶಿಮ್ಮುಗಳು. ಪ್ರತಿ ಸಲ ಶಿಮ್ ಬದಲಿಸಲು ಬಿಗಿಯಾಗಿ ಕೂತ ಬೇರಿಂಗ್ ಕೀಳಬೇಕು, ಕಿತ್ತರೆ ಹಾಳಾಗುತ್ತದೆ. ಮೇಸ್ತ್ರಿಯ ಹತ್ತಿರ ಅದಕ್ಕೊಂದು ಉಪಾಯ ಇತ್ತು. ಅದೇ ನಂಬರಿನ ಹಳೆ ಬೇರಿಂಗುಗಳ ಒಳಸುತ್ತನ್ನು ತುಸು ಉಜ್ಜಿಸಿ ಇಟ್ಟುಕೊಂಡಿದ್ದರು. ಕೈಯಲ್ಲೇ ಹಾಕಬಹುದು, ಕೈಯಲ್ಲೇ ತೆಗೆಯಬಹುದು. ಪ್ರಯೋಗವೆಲ್ಲ ಅದರಲ್ಲಿ, ಅಳತೆ ಸಿಕ್ಕಿದ ಮೇಲೆ ಹೊಸ ಬೇರಿಂಗ್.

ಅಳತೆ ಸಿಕ್ಕಿತೋ ಇಲ್ಲವೋ ತಿಳಿಯುವುದು ಬಣ್ಣದಿಂದ. ರೆಡ್ ಲೆಡ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಬ್ರಷ್ಷಿನಲ್ಲಿ ಕೆಲವು ಹಲ್ಲುಗಳಿಗೆ ತೆಳ್ಳಗೆ ಬಳಿದು, ಕ್ರೌನಿಗೆ ಸ್ವಲ್ಪ ತಡೆ ಕೊಟ್ಟು ಪಿನಿಯನ್ ತಿರುಗಿಸಿದರು. ಹಲ್ಲು ಹಲ್ಲಿಗೆ ತಾಗಿದಲ್ಲಿ ಬಣ್ಣ ಅಳಿಸಿ ಹೊಳೆಯುವ ಗುರುತು. ಅದು ಹಲ್ಲಿನ ನಡುವೆ ಬೀಳಬೇಕು. ತಲೆಯ ಹತ್ತಿರ ಬಿದ್ದರೆ ಪಿನಿಯನ್ ದೂರ ಇದೆ, ಶಿಮ್ ಸೇರಿಸಿ. ಬುಡದಲ್ಲಿ ಬಿದ್ದರೆ ತೀರ ಒಳಗೆ ಹೋಗಿದೆ, ತೆಗೆಯಿರಿ. ನಮ್ಮದು ಮೊದಲು ತಲೆಯಲ್ಲಿ ಬಿತ್ತು. ಆಮೇಲೆ ಬುಡಕ್ಕೆ ಇಳಿಯಿತು. ಮೇಸ್ತ್ರಿ ಪ್ರತಿ ಸಲವೂ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ, “ಕಾಂಬ, ಇನ್ನೊಂದ್ ಸಲ ಕಾಂಬ” ಎಂದು ಪುನಃ ಬಿಚ್ಚಿದರು. ಹಲ್ಲುಗಳ ನಡುವಿನ ಸಡಿಲವನ್ನು, ಬ್ಯಾಕ್‌ಲ್ಯಾಷ್ ಅನ್ನುತ್ತಾರಲ್ಲ ಅದನ್ನು, ಅವರು ಕೈಯಲ್ಲೇ ಅಲ್ಲಾಡಿಸಿ ‘ಆರು ಇತ್ತ್’ ಎಂದರು. ನಾನು ಲೇತಿನ ಅಂಗಡಿಯಿಂದ ಡಯಲ್ ಗೇಜ್ ತರಿಸಿದೆ. ಮುಳ್ಳು ಆರು ದಾಟಿ ಏಳಕ್ಕೆ ತಾಗುವಂತೆ ನಿಂತಿತು. “ಗೇಜ್ ಹಳತ್” ಎಂದರು ಮೇಸ್ತ್ರಿ. ಕಡೆಗೆ ಗುರುತು ನಡುವೆ ಬಂದು ಕೂತಾಗ ಅವರು ಏನೂ ಹೇಳಲಿಲ್ಲ, ಹುಡುಗನನ್ನು ಕರೆದು ಆಯಿಲ್ ಡಬ್ಬಿ ತರಲು ಹೇಳಿದರು. ಅದೇ ಸರ್ಟಿಫಿಕೇಟು.

ಹೊಸ ಹಲ್ಲುಗಳನ್ನು ಮೊದಲೇ ದಣಿಸಬಾರದು. ಸ್ವಲ್ಪ ದೂರ ಹೋಗಿ, ನಿಲ್ಲಿಸಿ, ಹೌಸಿಂಗಿಗೆ ಕೈ ಮುಟ್ಟಿಸಿ ಬಿಸಿ ನೋಡಿ, ತಣಿದ ಮೇಲೆ ಮುಂದೆ. ಹೀಗೆ ಕಂಡ್ಲೂರಿನವರೆಗೆ ಹೋಗಿ ಬಂದೆವು. ಆಮೇಲೆ ಹೆದ್ದಾರಿ. ಜೀಪು ಕಾರಾಗಿಬಿಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸ್ಪ್ರಿಂಗಿನ ಎತ್ತಾಟ ಹಾಗೇ ಇದೆ, ಗಾಳಿ ಎಲ್ಲ ಕಡೆಯಿಂದ ಬರುತ್ತದೆ. ಆದರೆ ಆ ಅರಚಾಟ ಒಂದು ಮಟ್ಟ ಇಳಿದಿದೆ. ಕೋಟ ದಾಟುವಾಗ ಪಕ್ಕದಲ್ಲಿ ಕೂತವಳು ತವರಿನ ಒಂದು ಹಳೇ ಜಗಳದ ಪೂರ್ತಿ ಕಥೆ ಹೇಳಿದಳು. ಸಾಲಿಗ್ರಾಮ ಬಂದರೂ ಮುಗಿದಿರಲಿಲ್ಲ. ವಿನಿಮಯದ ಲೆಕ್ಕದಲ್ಲಿ ಈ ಬಾಬ್ತನ್ನು ನಾನು ಹಿಡಿದಿರಲಿಲ್ಲ.

ಒಂದು ತಮಾಷೆ ಉಳಿಯಿತು. ಜೀಪಿನ ಸ್ಪೀಡೋಮೀಟರು ಚಕ್ರವನ್ನು ಕೇಳುವುದಿಲ್ಲ, ಹೌಸಿಂಗಿಗೆ ಮುಂಚೆಯೇ ಶಾಫ್ಟು ಎಷ್ಟು ಸುತ್ತಿತು ಎಂದು ನೋಡಿ ಊಹಿಸುತ್ತದೆ. ಹಿಂದೆ ಹಲ್ಲು ಬದಲಾದದ್ದು ಅದಕ್ಕೆ ಗೊತ್ತೇ ಇಲ್ಲ. ಈಗ ಮುಳ್ಳು 50 ಎಂದರೆ ನಿಜಕ್ಕೂ 55. ಹತ್ತು ಕಿಲೋಮೀಟರು ಹೋದರೆ ಒಂಬತ್ತೆಂದು ಬರೆದುಕೊಳ್ಳುತ್ತದೆ. ಡೀಸೆಲ್ ಲೆಕ್ಕ ಹಾಕಲು ಹೋದರೆ ಮೈಲೇಜು ಮೊದಲಿಗಿಂತ ಕಮ್ಮಿಯೆಂದೇ ಬರುತ್ತದೆ. ಒಂಬತ್ತನ್ನು ಹತ್ತೆಂದು ತಿದ್ದಿಕೊಂಡರೆ ಸಮಾಧಾನ. ಡ್ರೈವ್ ಗೇರ್ ಬದಲಿಸಿದರೆ ಸರಿಹೋಗುತ್ತದೆ. ಮೇಸ್ತ್ರಿ ಅದಕ್ಕೆ ಅವಸರ ಇಲ್ಲ ಎಂದಿದ್ದಾರೆ. ಅಳಿಯನ ಡಾರ್ಟಿನಲ್ಲಿ ಇದು ಉಲ್ಟಾ, ನಿಂತಲ್ಲೇ ಇದ್ದಂತೆ ಹೋದರೂ ಮುಳ್ಳು ಹಾರಾಡುತ್ತದಂತೆ. ಅವನ ವಯಸ್ಸಿಗೆ ಅದು ಸರಿ.

ಬಿಚ್ಚಿದ 43ರ ಜೋಡಿ ಗ್ಯಾರೇಜಿನ ಮೂಲೆಯಲ್ಲಿತ್ತು. ಮೊನ್ನೆ ಅಮಾಸೆಬೈಲು ಕಡೆಯವರೊಬ್ಬರು ಅದನ್ನು ಕೇಳಿಕೊಂಡು ಬಂದರು. ಅವರ ಜೀಪಿಗೆ ಹಿಂದಿನ ಮಾಲಕರು ಯಾರೋ ಓಟದ ಆಸೆಗೆ ಹಲ್ಲು ಕಡಿಮೆ ಮಾಡಿಸಿದ್ದರಂತೆ. ತೋಟದ ಧರೆ ಹತ್ತುವಾಗ ಅಡಿಕೆ ಮೂಟೆ ಸಮೇತ ಹಿಂದೆ ಜಾರುತ್ತದೆ, ನಿಮ್ಮದು ಕೊಟ್ಟರೆ ಉಪಕಾರವಾದೀತು ಎಂದರು. ಸುಮ್ಮನೆ ತೆಗೆದುಕೊಂಡು ಹೋಗಿ ಎನ್ನಲು ನಾನು ಬಾಯಿ ತೆರೆದೆ. ಮೇಸ್ತ್ರಿ ನಡುವೆ ಬಂದು ಕ್ರಯ ಹೇಳಿದರು. ಅವರು ಅರ್ಧಕ್ಕೆ ಕೇಳಿದರು. ಮೇಸ್ತ್ರಿ ಒಂದೊಂದು ಹಲ್ಲನ್ನೂ ಬಟ್ಟೆಯಲ್ಲಿ ಒರೆಸಿ ತೋರಿಸಿದರು. ಮಾತು ಮುಕ್ಕಾಲಿಗೆ ಬಂದು, ಮೇಲೆ ಒಂದು ಗೊನೆ ಬಾಳೆಕಾಯಿ, ಎರಡು ಸೇರು ಕಾಳುಮೆಣಸು ಎಂದು ತೀರ್ಮಾನವಾಯಿತು. ದುಡ್ಡು ಎಣಿಸಿ ಕೊಟ್ಟು, ಜೋಡಿಯನ್ನು ಗೋಣಿಯಲ್ಲಿ ಕಟ್ಟಿ ಹೆಗಲಿಗೇರಿಸಿದವರು ಜೀಪಿನ ಮುಂದಿನ ಎಕ್ಸೆಲ್ ಕಡೆ ನೋಡಿ ನಿಂತರು.

“ಹ್ವಾಯ್ ಮಾಷ್ಟ್ರೆ, ಮುಂದಿಂದೂ ಹಾಂಗೇ ಸುಮ್ನೆ ಇತ್ತಲ್ದಾ? ಅದನ್ನೂ ಕೊಡ್ತ್ರ್ಯಾ?”

ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಆಗಲೇ ಕ್ರಯ ಯೋಚಿಸುತ್ತಿದ್ದರು.